ಟಾರ್ ಬ್ರೌಸರ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

‘ಟಾರ್ ಹಾಳಾಗಿದೆ, ಸ್ವಲ್ಪ ನೋಡು’ ಎಂದು ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಮಳೆಗಾಲದವು. ತಂತ್ರಾಂಶಕ್ಕೂ ಶಿರಸಿಯ ಮಳೆಗೂ ಏನು ಸಂಬಂಧ ಎಂಬುದು ಮೊದಮೊದಲು ನನಗೂ ಹೊಳೆದಿರಲಿಲ್ಲ. ಸಂಬಂಧ ಇದೆ. ಅದು ನಾಣ್ಯದ ಗಾತ್ರದ ಒಂದು ಬ್ಯಾಟರಿಯಲ್ಲಿದೆ. ಅದರ ಕಥೆ ಮುಂದೆ ಬರುತ್ತದೆ.

ಟಾರ್ ಎಂಬುದು ನಿಮ್ಮ ಸಂಪರ್ಕವನ್ನು ಮೂರು ರಿಲೇಗಳ, ಅಂದರೆ ನಡುದಾರಿಯ ಗಣಕಗಳ, ಮೂಲಕ ಹಾಯಿಸುವ ಜಾಲ. ಆ ಜಾಲದ ಮೂಲಕ ಪುಟ ತೆರೆಯುವುದು ಟಾರ್ ಬ್ರೌಸರ್. ಮೊದಲ ರಿಲೇಗೆ ನೀವು ಯಾರೆಂದು ಗೊತ್ತು, ಎಲ್ಲಿಗೆ ಹೊರಟಿದ್ದೀರಿ ಎಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಎಂದು ಗೊತ್ತು, ಯಾರೆಂದು ಗೊತ್ತಿಲ್ಲ. ರಿಲೇಗಳನ್ನು ನಡೆಸುವವರು ಲೋಕದ ನಾನಾ ಕಡೆಯ ಸ್ವಯಂಸೇವಕರು. ತಂತ್ರಾಂಶ ಮುಕ್ತ ಆಕರದ್ದು. ಅದರ ದೋಷಗಳ ಪಟ್ಟಿಯೂ ಎಲ್ಲರ ಕಣ್ಣಿಗೆ ಬೀಳುವಂತೆ ತೆರೆದೇ ಇದೆ. ಅದರಲ್ಲಿನ ಒಂದೊಂದು ವರದಿಗೂ ಟಿಕೆಟ್ ಎಂದು ಹೆಸರು. ಬಿಡುವಿದ್ದಾಗ ನಾನು ಆ ಪಟ್ಟಿಯನ್ನು ಓದುತ್ತೇನೆ. ‘ಕೆಲಸ ಮಾಡುತ್ತಿಲ್ಲ, ಬೇಗ ಸರಿಪಡಿಸಿ’ ಎಂಬ ಒಂದು ಸಾಲಿನ ಟಿಕೆಟ್‌ಗಳನ್ನು ಕಂಡಾಗ, ಬರೆದವರ ಮೇಲೂ ಅದನ್ನು ಓದಬೇಕಾದವರ ಮೇಲೂ ಒಟ್ಟಿಗೆ ಮರುಕ ಬರುತ್ತದೆ. ದೋಷವನ್ನು ವರದಿ ಮಾಡುವ ಮೊದಲು ಅದು ದೋಷವೇ ಹೌದೋ, ಹೌದಾದರೆ ಯಾರ ಮನೆಯದು ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಸಂಪರ್ಕದ ಪ್ರಗತಿ ತೋರುವ ಪಟ್ಟಿ ಅರ್ಧದಲ್ಲೇ ನಿಂತುಬಿಟ್ಟಿದೆ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ: ಬೇರೆ ಬ್ರೌಸರ್‌ನಲ್ಲಿ ಯಾವುದಾದರೂ ಪುಟ ತೆರೆಯುತ್ತದೆಯೇ? ಘಟ್ಟದಲ್ಲಿ ಮಣ್ಣು ಕುಸಿದು ಕೇಬಲ್ ತುಂಡಾದ ದಿನ ಟಾರ್ ಒಂದೇ ಅಲ್ಲ, ಯಾವುದೂ ನಡೆಯುವುದಿಲ್ಲ. ಗೋಕರ್ಣದ ವಸತಿಗೃಹದಲ್ಲೋ ಕಾರವಾರದ ಹೋಟೆಲಿನಲ್ಲೋ ವೈಫೈ ಹಿಡಿದಿದ್ದರೆ ಇನ್ನೊಂದು ತೊಡಕು ಇರುತ್ತದೆ. ಕೊಠಡಿ ಸಂಖ್ಯೆಯನ್ನೋ ಮೊಬೈಲ್ ಸಂಖ್ಯೆಯನ್ನೋ ಕೇಳುವ ಲಾಗಿನ್ ಪುಟ ಮುಗಿಯುವವರೆಗೆ ಅಂಥ ವೈಫೈ ಯಾವುದನ್ನೂ ಹೊರಗೆ ಬಿಡುವುದಿಲ್ಲ. ಟಾರ್ ಬ್ರೌಸರ್‌ನಲ್ಲಿ ಆ ಪುಟ ಕಾಣಿಸುವುದೂ ಇಲ್ಲ. ಸಾಮಾನ್ಯ ಬ್ರೌಸರ್‌ನಲ್ಲಿ ಲಾಗಿನ್ ಮುಗಿಸಿಕೊಂಡು ಮತ್ತೆ ಪ್ರಯತ್ನಿಸಿ.

ಇಂಟರ್ನೆಟ್ ಸರಿ ಇದೆ ಎಂದಾದರೆ ಲಾಗ್, ಅಂದರೆ ಟಾರ್ ಬರೆದಿಡುವ ದಿನಚರಿ, ತೆರೆಯಿರಿ. ಸೆಟ್ಟಿಂಗ್ಸ್‌ನ ಕನೆಕ್ಷನ್ ಪುಟದ ಕೆಳಭಾಗದಲ್ಲಿ ಟಾರ್ ಲಾಗ್ ನೋಡುವ ಗುಂಡಿ ಇದೆ. ಅಲ್ಲಿ ‘ಬೂಟ್‌ಸ್ಟ್ರ್ಯಾಪ್ಡ್’ ಎಂಬ ಪದದ ಪಕ್ಕದಲ್ಲಿ ಶೇಕಡಾವಾರು ಅಂಕಿ ಕಾಣುತ್ತದೆ. ರೋಗಿಯ ನಾಡಿ ಅದೇ. ಕೊನೆಯದಾಗಿ ಬಂದ ಅಂಕಿಯನ್ನು ಬರೆದಿಟ್ಟುಕೊಳ್ಳಿ.

5ರಲ್ಲೇ ನಿಂತಿದ್ದರೆ ಮೊದಲ ರಿಲೇಯವರೆಗೂ ತಲುಪಿಲ್ಲ ಎಂದರ್ಥ. ಆಗ ಫೈರ್‌ವಾಲ್, ಆಂಟಿವೈರಸ್, ವೈಫೈ ಲಾಗಿನ್ ಇವುಗಳ ಮೇಲೆ ಅನುಮಾನ ಪಡಬೇಕು. 10 ದಾಟಿ 14, 15ರ ಆಸುಪಾಸಿನಲ್ಲಿ ತಡೆದರೆ ಬಾಗಿಲು ತಟ್ಟಿದ್ದಾಗಿದೆ, ಕೈಕುಲುಕುವುದು ಮಾತ್ರ ಮುಗಿದಿಲ್ಲ. ನಡುವೆ ಯಾರೋ ಸಂಪರ್ಕ ಕತ್ತರಿಸುತ್ತಿದ್ದಾರೆ, ಇಲ್ಲವೇ ಗಡಿಯಾರ ತಪ್ಪಿದೆ. 25ರಿಂದ 75ರ ನಡುವೆ ರಿಲೇಗಳ ಪಟ್ಟಿಯೂ ಅವುಗಳ ವಿವರವೂ ಇಳಿಯುತ್ತಿರುತ್ತವೆ. ಮೊಬೈಲ್ ಸಿಗ್ನಲ್ ಒಂದೇ ಕಡ್ಡಿ ಇರುವ ಊರಲ್ಲಿ ಇಲ್ಲಿ ಐದು ನಿಮಿಷ ಕಾಯುವುದರಲ್ಲಿ ತಪ್ಪೇನಿಲ್ಲ. 75 ದಾಟಿದ ಮೇಲೂ ನಿಂತರೆ ಪಟ್ಟಿ ಕೈಗೆ ಬಂದಿದೆ, ಮೂರು ರಿಲೇಗಳ ದಾರಿ, ಅಂದರೆ ಸರ್ಕ್ಯೂಟ್, ಕಟ್ಟುವುದರಲ್ಲಿ ತೊಡಕಾಗಿದೆ.

ಇನ್ನು ಗಡಿಯಾರ. ಜಾಲದಲ್ಲಿ ಯಾವ ರಿಲೇಗಳಿವೆ ಎಂಬ ಒಮ್ಮತದ ಪಟ್ಟಿ ಗಂಟೆಗೊಮ್ಮೆ ಹೊಸದಾಗುತ್ತದೆ. ಪ್ರತಿ ಪಟ್ಟಿಯ ಮೇಲೂ ಅದರ ಅವಧಿ ಬರೆದಿರುತ್ತದೆ, ಅದು ಮೂರು ಗಂಟೆಯದು. ನಿಮ್ಮ ಗಣಕದ ದಿನಾಂಕ ವರ್ಷಗಟ್ಟಲೆ ಹಿಂದಿದ್ದರೆ ಬಂದ ಪಟ್ಟಿಯೆಲ್ಲ ಇನ್ನೂ ಹುಟ್ಟದ ಕಾಲದ್ದೆಂದು ಟಾರ್‌ಗೆ ಕಾಣುತ್ತದೆ, ಅದು ಒಪ್ಪುವುದಿಲ್ಲ. ಮಳೆಗೂ ಇದಕ್ಕೂ ಗಂಟು ಬಿದ್ದಿರುವುದು ಇಲ್ಲಿ. ಗುಡುಗು ಶುರುವಾದರೆ ನಮ್ಮ ಕಡೆ ಟಿವಿ, ಮೋಡೆಮ್, ಗಣಕ ಎಲ್ಲದರ ಪ್ಲಗ್ ಕಿತ್ತಿಡುತ್ತಾರೆ. ಕಿತ್ತಿಡಲೇಬೇಕು, ಸಿಡಿಲಿಗೆ ಎಷ್ಟೋ ಮೋಡೆಮ್‌ಗಳು ಸುಟ್ಟಿವೆ. ಪ್ಲಗ್ ಕಿತ್ತ ಮೇಲೆ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡ್ ಮೇಲಿನ ಸಣ್ಣ ಬ್ಯಾಟರಿ. ಅದು ಹಳೆಯದಾಗಿದ್ದರೆ ರಾತ್ರಿ ಬೆಳಗಾಗುವುದರೊಳಗೆ ದಿನಾಂಕ ಅಳಿಸಿಹೋಗುತ್ತದೆ.

ಕಳೆದ ಆಷಾಢದಲ್ಲಿ ಪಕ್ಕದ ಮನೆಯ ಮಾವ ಕರೆದರು. ಅವರ ಗಣಕದಲ್ಲಿ ಟಾರ್ ಹೋಗಲಿ, ಸಾಮಾನ್ಯ ಬ್ರೌಸರ್ ಕೂಡ ಪುಟಪುಟಕ್ಕೂ ತಾಣದ ಪ್ರಮಾಣಪತ್ರ ಸರಿಯಿಲ್ಲ ಎಂಬ ಎಚ್ಚರಿಕೆ ಕೊಡುತ್ತಿತ್ತು. ‘ವೈರಸ್ ಬಂದಿರಬೇಕು ಮಾರಾಯ, ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡು’ ಎಂದರು. ಪರದೆಯ ಮೂಲೆ ನೋಡಿದೆ: ಜನವರಿ 1, ಅದೂ ಅವರ ಮೊಮ್ಮಗಳು ಹುಟ್ಟುವುದಕ್ಕಿಂತ ಹಿಂದಿನದು. ಪ್ಲಗ್ ಕಿತ್ತು, ಡಬ್ಬದ ಲೋಹದ ಚೌಕಟ್ಟು ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಂಡು, ಪಕ್ಕದ ಹಲಗೆ ತೆಗೆದೆ. ಒಳಗೆ ಜೇಡರ ಬಲೆ, ಅದರಡಿಯಲ್ಲಿ ಸಿಆರ್ 2032 ಎಂದು ಬರೆದ ಬಿಲ್ಲೆ. ಉಗುರಿನಿಂದ ಪಕ್ಕದ ಕ್ಲಿಪ್ ಒತ್ತಿದರೆ ತಾನೇ ಎದ್ದು ಬಂತು. ಕೂಡಿಸುವ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ, ದಿನಾಂಕ ಸರಿ ಮಾಡಿದೆ. ಟಾರ್ ಒಂದೇ ನಿಮಿಷದಲ್ಲಿ 100 ಮುಟ್ಟಿತು. ಮಾವನಿಗೆ ಇಷ್ಟೇ ಕೆಲಸ ಎಂದು ನಂಬಿಕೆಯೇ ಬರಲಿಲ್ಲ, ‘ವೈರಸ್ ಎಲ್ಲಿ ಹೋಯಿತು?’ ಎಂದು ಎರಡು ಸಲ ಕೇಳಿದರು.

ಎರಡು ಎಚ್ಚರಿಕೆ. ತೆಗೆದ ಬಿಲ್ಲೆಯನ್ನು ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ನುಂಗಿದರೆ ಅನ್ನನಾಳ ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕಾಗುತ್ತದೆ. ಲ್ಯಾಪ್‌ಟಾಪ್ ಆದರೆ ನೀವೇ ಬಿಚ್ಚಬೇಡಿ, ರಿಪೇರಿ ಮಾಡುವವರಿಗೆ ಕೊಡಿ.

ಗಡಿಯಾರ ಸರಿಯಾಗಿಯೇ ಕಂಡರೂ ಲಾಗ್‌ನಲ್ಲಿ ಸಮಯ ತಪ್ಪಿದೆ ಎಂಬ ಸಾಲು ಬಂದರೆ ಕಾಲವಲಯ ನೋಡಿ. ಕುಮಟೆಯ ಗೆಳೆಯನೊಬ್ಬನ ಗಣಕ ಅಮೆರಿಕದ ಪಶ್ಚಿಮ ಕರಾವಳಿಯ ಕಾಲವಲಯದಲ್ಲಿತ್ತು. ಮುಳ್ಳು ಮಾತ್ರ ಭಾರತದ ಸಮಯಕ್ಕೆ ಕೈಯಾರೆ ತಿರುಗಿಸಿದ್ದ. ಗೋಡೆಯ ಗಡಿಯಾರಕ್ಕೂ ಪರದೆಗೂ ಒಂದು ನಿಮಿಷದ ವ್ಯತ್ಯಾಸವಿರಲಿಲ್ಲ. ಆದರೆ ಟಾರ್ ಲೆಕ್ಕ ಹಾಕುವುದು ಜಾಗತಿಕ ಸಮಯದಲ್ಲಿ; ಆ ಲೆಕ್ಕದಲ್ಲಿ ಅವನು 13 ಗಂಟೆ 30 ನಿಮಿಷ ಮುಂದಿದ್ದ. ಕಾಲವಲಯವನ್ನು ಭಾರತಕ್ಕೆ ಬದಲಿಸಿ, ಸಮಯವನ್ನು ತಾನಾಗಿಯೇ ಹೊಂದಿಸಿಕೊಳ್ಳಲು ಬಿಟ್ಟ ಮೇಲೆ ಎಲ್ಲ ಸರಿಹೋಯಿತು.

ಗಡಿಯಾರ, ವೈಫೈ ಎರಡೂ ಸರಿಯಿದ್ದು 5 ಅಥವಾ 10ರಲ್ಲೇ ನಿಲ್ಲುತ್ತಿದ್ದರೆ ಫೋನಿನ ಹಾಟ್‌ಸ್ಪಾಟ್ ಹಾಕಿ ನೋಡಿ. ಅದರಲ್ಲಿ ನಡೆದರೆ ಮನೆಯ ಇಂಟರ್ನೆಟ್ ಸಂಪರ್ಕ ಟಾರನ್ನು ತಡೆಯುತ್ತಿದೆ ಎಂದು ಗೊತ್ತಾಯಿತು. ಆಗ ಕನೆಕ್ಷನ್ ಪುಟದಲ್ಲಿ ಬ್ರಿಜ್ ಆರಿಸಿ, ಅದು ಒಳಹೋಗುವ ಇನ್ನೊಂದು ಬಗೆಯ ಮೊದಲ ರಿಲೇ. ಸಾಮಾನ್ಯ ರಿಲೇಗಳ ವಿಳಾಸಗಳು ಬಹಿರಂಗ ಪಟ್ಟಿಯಲ್ಲಿರುವುದರಿಂದ ತಡೆಯುವುದು ಸುಲಭ. ಬ್ರಿಜ್‌ಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಮೊದಲು ಒಬ್‌ಫ್ಸ್4, ಆಮೇಲೆ ಸ್ನೋಫ್ಲೇಕ್ ಎಂಬ ಬಗೆಯ ಬ್ರಿಜ್ ಹಾಕಿ ನೋಡಿ. ಸ್ನೋಫ್ಲೇಕ್ ಇನ್ಯಾರದೋ ಬ್ರೌಸರ್ ಮೂಲಕ ನಿಮ್ಮನ್ನು ಒಳಗೆ ಕರೆದುಕೊಳ್ಳುತ್ತದೆ. ಮೊಬೈಲ್ ಡೇಟಾದಲ್ಲಿ ಜೊತೆಗಾರ ಸಿಗುವುದು ಕೆಲವೊಮ್ಮೆ ತಡವಾಗುತ್ತದೆ, ಅದು ದೋಷವಲ್ಲ. ಕಚೇರಿಯ ಅಥವಾ ಕಾಲೇಜಿನ ಜಾಲದಲ್ಲಿ ಟಾರ್‌ಗೆ ನಿಷೇಧವಿದ್ದರೆ ಬ್ರಿಜ್ ಹಾಕಿ ನುಸುಳುವ ಸಾಹಸ ಬೇಡ. ಕೆಲಸ ಹೋಗುವುದು ನಿಮ್ಮದು.

ಇಲ್ಲೊಂದು ನಾಟಿ ಔಷಧಿ ಪ್ರಚಾರದಲ್ಲಿದೆ: ಡೇಟಾ ಕಡತಕೋಶದೊಳಗಿನ ‘ಸ್ಟೇಟ್’ ಕಡತ ಅಳಿಸಿಬಿಡಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಸರಿಹೋಗಲೂಬಹುದು. ಆದರೆ ನಿಮ್ಮ ಮೊದಲ ರಿಲೇ ಯಾವುದು ಎಂಬ ನೆನಪು ಇರುವುದು ಆ ಕಡತದಲ್ಲೇ. ಟಾರ್ ಅದನ್ನು ತಿಂಗಳುಗಟ್ಟಲೆ ಬದಲಿಸದೆ ಇಟ್ಟುಕೊಳ್ಳುವುದು ಬೇಕೆಂದೇ. ಪದೇ ಪದೇ ಬದಲಿಸಿದಷ್ಟೂ ಕೆಟ್ಟವರು ನಡೆಸುವ ರಿಲೇ ನಿಮ್ಮ ಪಾಲಿಗೆ ಬರುವ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ ನಾನು ಈ ಔಷಧಿ ಬರೆದುಕೊಡುವುದಿಲ್ಲ.

ಕಿಟಕಿ ತೆರೆಯುವುದೇ ಇಲ್ಲ, ಅಥವಾ ತೆರೆದೊಡನೆ ಟಾರ್ ನಿಂತಿತು ಎನ್ನುತ್ತದೆ

‘ಆಗಲೇ ನಡೆಯುತ್ತಿದೆ’ ಎಂಬ ಸಂದೇಶ ಬಂದರೆ ಹಳೆಯ ಪ್ರತಿ ಹಿನ್ನೆಲೆಯಲ್ಲಿ ಸಿಕ್ಕಿಕೊಂಡಿದೆ. ಗಣಕವನ್ನು ಒಮ್ಮೆ ಮುಚ್ಚಿ ತೆರೆಯಿರಿ. ಟಾರ್ ಅನಿರೀಕ್ಷಿತವಾಗಿ ನಿಂತಿತು ಎಂದರೆ ಆಂಟಿವೈರಸ್‌ನ ಬಂಧನಕೋಣೆಯಲ್ಲಿ ಟಾರ್ ಕಡತ ಕೂತಿದೆಯೇ ನೋಡಿ. ಇದ್ದರೆ ಬಿಡುಗಡೆ ಮಾಡುವ ಮೊದಲು, ನೀವು ಇಳಿಸಿಕೊಂಡ ಪ್ರತಿ ಅಧಿಕೃತ ತಾಣದ್ದೇ ಎಂದು ಖಚಿತಪಡಿಸಿಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಯಾರೋ ಕೊಟ್ಟ ಪ್ರತಿಯಾಗಿದ್ದರೆ ಆಂಟಿವೈರಸ್ ಹೇಳಿದ್ದೇ ನಿಜವಿರಬಹುದು.

ವಿಂಡೋಸ್ 7 ಅಥವಾ 8 ಇಟ್ಟುಕೊಂಡವರಿಗೆ ಒಂದು ಮಾತು. 2024ರ ಅಕ್ಟೋಬರ್‌ನಲ್ಲಿ ಬಂದ 14.0 ಆವೃತ್ತಿಯಿಂದ ಟಾರ್ ಬ್ರೌಸರ್ ಆ ವ್ಯವಸ್ಥೆಗಳನ್ನು ಕೈಬಿಟ್ಟಿದೆ. ಹೊಸದು ಅಲ್ಲಿ ತೆರೆಯಲಿಲ್ಲವೆಂದು ಟಿಕೆಟ್ ಹಾಕಿ ಫಲವಿಲ್ಲ. ಗಣಕ ಬದಲಿಸಲು ಆಗದಿದ್ದರೆ ಲಿನಕ್ಸ್ ಹಾಕಿಸಿಕೊಳ್ಳಿ.

ತೆರೆಯುತ್ತದೆ, ಆದರೆ ಆಮೆ ನಡಿಗೆ

ಶಿರಸಿಯಿಂದ ಕಾರವಾರಕ್ಕೆ ಹೋಗಬೇಕಾದವರು ಜರ್ಮನಿ, ಕೆನಡಾ, ಫಿನ್‌ಲ್ಯಾಂಡ್ ಸುತ್ತಿ ಹೋದರೆ ತಡವಾಗದೆ ಇರುತ್ತದೆಯೇ? ಸ್ವಲ್ಪ ನಿಧಾನ ಸಹಜ. ವಿಪರೀತ ಅನ್ನಿಸಿದರೆ ವಿಳಾಸಪಟ್ಟಿಯ ಪಕ್ಕದ ಸರ್ಕ್ಯೂಟ್ ಚಿಹ್ನೆ ಒತ್ತಿ, ಆ ತಾಣಕ್ಕೆ ಹೊಸ ಸರ್ಕ್ಯೂಟ್ ಕೇಳಿ. ಎರಡನೆಯ, ಮೂರನೆಯ ರಿಲೇ ಬದಲಾಗುತ್ತವೆ, ಮೊದಲನೆಯದು ಅದೇ ಉಳಿಯುತ್ತದೆ. ಎಷ್ಟು ಸಲ ಬದಲಿಸಿದರೂ ಎಲ್ಲ ತಾಣಗಳೂ ಒಂದೇ ಸಮ ನಿಧಾನವಾಗಿದ್ದರೆ ತೊಡಕು ಆ ಮೊದಲ ರಿಲೇಯಲ್ಲೋ ನಿಮ್ಮ ಸಂಪರ್ಕದಲ್ಲೋ ಇದೆ. ಒಂದು ದಿನ ಕಾಯಿರಿ.

ಇಡೀ ಜಾಲವೇ ಬಳಲುವುದೂ ಉಂಟು. 2022ರ ನಡುವಿನಿಂದ ತಿಂಗಳುಗಟ್ಟಲೆ ಜಾಲದ ಮೇಲೆ ಸೇವಾಭಂಗದ ದಾಳಿ (ಬೇಡಿಕೆಗಳ ಹೊಳೆ ಹರಿಸಿ ಮುಳುಗಿಸುವ ದಾಳಿ) ನಡೆದು, ಪುಟ ತೆರೆಯುವುದೇ ಪ್ರಯಾಸವಾಗಿತ್ತು. ಆನಿಯನ್ ತಾಣಗಳ, ಅಂದರೆ ಟಾರ್ ಜಾಲದೊಳಗೆ ಮಾತ್ರ ತೆರೆಯುವ ತಾಣಗಳ, ರಕ್ಷಣೆಗೆ, ಬರುವ ಗಣಕದಿಂದ ಸಣ್ಣದೊಂದು ಲೆಕ್ಕ ಮಾಡಿಸಿಕೊಂಡು ಒಳಬಿಡುವ ಏರ್ಪಾಡು 2023ರ ಆಗಸ್ಟ್‌ನ ಟಾರ್ ಮೂಲ ತಂತ್ರಾಂಶದ 0.4.8 ಆವೃತ್ತಿಯಲ್ಲಿ ಬಂತು. ಅಂಥ ದಿನಗಳಲ್ಲಿ ಟಾರ್ ಯೋಜನೆಯ ಸ್ಥಿತಿ ಪುಟ ನೋಡಿದರೆ ಸಾಕು, ನಿಮ್ಮ ಗಣಕವನ್ನು ಗುಡಿಸಿ ಒರೆಸಬೇಕಾಗಿಲ್ಲ.

ಒಂದೇ ತಾಣ ಬಾಗಿಲು ಹಾಕುತ್ತದೆ

ಉಳಿದದ್ದೆಲ್ಲ ತೆರೆದು, ಒಂದು ತಾಣ ಮಾತ್ರ ಚಿತ್ರಗಳ ಒಗಟು ಕೊಡುತ್ತಲೇ ಇದ್ದರೆ ಅಥವಾ ಪ್ರವೇಶವಿಲ್ಲ ಎಂದರೆ ಟಾರ್ ಕೆಟ್ಟಿಲ್ಲ. ಕೊನೆಯ ರಿಲೇಗಳ ವಿಳಾಸಗಳು ಬಹಿರಂಗವಾದ್ದರಿಂದ ತಾಣದವರು ಅವುಗಳನ್ನು ತಡೆದಿರುತ್ತಾರೆ. ಭಾರತದೊಳಗಿನ ವಿಳಾಸಕ್ಕೆ ಮಾತ್ರ ತೆರೆಯುವ ಸರ್ಕಾರಿ ತಾಣಗಳೂ ಕೆಲವಿವೆ. ಎರಡು ಮೂರು ಸಲ ಹೊಸ ಸರ್ಕ್ಯೂಟ್ ಕೇಳಿ ಬಿಟ್ಟುಬಿಡಿ. ಬ್ಯಾಂಕ್ ಖಾತೆಯನ್ನಂತೂ ಟಾರ್‌ನಲ್ಲಿ ತೆರೆಯಬೇಡಿ. ಹೆಸರು ಕೊಟ್ಟು ಒಳಗೆ ಹೋಗುವ ಕಡೆ ಅನಾಮಿಕತೆಯಿಂದ ಬರುವ ಲಾಭ ಕಡಿಮೆ. ಒಂದು ನಿಮಿಷ ಒಂದು ದೇಶ, ಮರುನಿಮಿಷ ಇನ್ನೊಂದು ದೇಶದಿಂದ ನೀವು ಬಂದಂತೆ ಕಂಡು ಖಾತೆಗೆ ಬೀಗ ಬಿದ್ದರೆ ಬಿಡಿಸಿಕೊಳ್ಳಲು ಶಾಖೆಗೆ ಅಲೆಯಬೇಕಾಗುತ್ತದೆ.

ಗುಂಡಿ ಒತ್ತಿದರೂ ತಾಣ ಸುಮ್ಮನಿದ್ದರೆ ಭದ್ರತೆಯ ಮಟ್ಟ ನೋಡಿ. ಅತಿ ಸುರಕ್ಷಿತ ಮಟ್ಟದಲ್ಲಿ ಗುಂಡಿಗಳಿಗೆ ಜೀವ ಕೊಡುವ ಜಾವಾಸ್ಕ್ರಿಪ್ಟ್ ಎಲ್ಲ ಕಡೆಯೂ ಬಂದ್.

ಆನಿಯನ್ ವಿಳಾಸ ಸಿಗದಿದ್ದರೆ ಮೊದಲು ಅಕ್ಷರ ಎಣಿಸಿ: ಚುಕ್ಕಿಗೆ ಮುಂಚೆ 56 ಇರಬೇಕು. 16 ಇದ್ದರೆ ಅದು ಹಳೆಯ ಕಾಲದ್ದು, 2021ರಲ್ಲಿ ಅವುಗಳ ಕಥೆ ಮುಗಿದಿದೆ. 55 ಬಂದರೆ ನಕಲು ಮಾಡುವಾಗ ಬಾಲ ಕತ್ತರಿಸಿದ್ದೀರಿ. ಎಣಿಕೆ ಸರಿಯಿದ್ದರೆ ಬೇರೆ ಯಾವುದಾದರೂ ಪರಿಚಿತ ಆನಿಯನ್ ತಾಣ ತೆರೆಯಿರಿ. ಅದು ತೆರೆದರೆ ಸತ್ತಿರುವುದು ಆ ಇನ್ನೊಂದು ತಾಣ. ಯಾವುದೂ ತೆರೆಯದಿದ್ದರೆ ಮತ್ತೆ ಗಡಿಯಾರ ನೋಡಿ.

ಕನ್ನಡದ ಬದಲು ಪೌಂಡ್ ಚಿಹ್ನೆ, ಸಮಯ ಐದೂವರೆ ಗಂಟೆ ಹಿಂದೆ, ಅಂಚಿನಲ್ಲಿ ಖಾಲಿ ಪಟ್ಟಿ

ಈ ಮೂರೂ ದೂರುಗಳು ಬರುತ್ತಲೇ ಇರುತ್ತವೆ. ಹಳೆಯ ಕನ್ನಡ ತಾಣವೊಂದನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೆರೆ, ನಡುನಡುವೆ ಪೌಂಡ್ ಚಿಹ್ನೆ. ನುಡಿ ಅಥವಾ ಬರಹದ ಹಳೆಯ ಸಂಕೇತದಲ್ಲಿ ಕಡತ ಓದಿದವರಿಗೆ ಈ ಮುಖ ಚೆನ್ನಾಗಿ ಪರಿಚಯ. ಆ ಪುಟ ಯೂನಿಕೋಡ್ ಅಲ್ಲ. ನಿರ್ದಿಷ್ಟ ಫಾಂಟ್ ಇದ್ದರೆ ಮಾತ್ರ ಅಕ್ಷರವಾಗುತ್ತದೆ. ‘ನನ್ನ ಗಣಕದಲ್ಲಿ ಆ ಫಾಂಟ್ ಇದೆಯಲ್ಲ’ ಎನ್ನಬಹುದು. ಟಾರ್ ಬ್ರೌಸರ್ ನಿಮ್ಮ ಗಣಕದ ಎಲ್ಲ ಫಾಂಟ್‌ಗಳನ್ನೂ ಬಳಸುವುದಿಲ್ಲ. ಯಾವ ಯಾವ ಫಾಂಟ್ ಇದೆ ಎಂಬ ಪಟ್ಟಿಯೇ ಬೆರಳಚ್ಚಿನಂತೆ ನಿಮ್ಮನ್ನು ಗುರುತಿಸಬಲ್ಲದು. ಹಳೆಯ ಕನ್ನಡ ಫಾಂಟ್‌ಗಳ ಗಂಟು ಹೊತ್ತ ಗಣಕ ಲೋಕದಲ್ಲಿ ಎಷ್ಟಿದ್ದೀತು, ಯೋಚಿಸಿ.

ತಾಣಗಳಲ್ಲಿ ಸಮಯ ಐದೂವರೆ ಗಂಟೆ ಹಿಂದೆ ಕಾಣುವುದೂ ಅದೇ ಕಾರಣಕ್ಕೆ. ಎಲ್ಲ ಬಳಕೆದಾರರೂ ಜಾಗತಿಕ ಸಮಯದಲ್ಲೇ ಇದ್ದಾರೆ ಎಂದು ಬ್ರೌಸರ್ ಹೇಳುತ್ತದೆ. ಕಿಟಕಿ ದೊಡ್ಡದು ಮಾಡಿದರೆ ಅಂಚಿನಲ್ಲಿ ಖಾಲಿ ಪಟ್ಟಿ ಉಳಿಯುವುದು ಪರದೆಯ ನಿಖರ ಅಳತೆ ಬಯಲಾಗದಿರಲಿ ಎಂದು. ಇವುಗಳನ್ನು ‘ಸರಿಪಡಿಸುವ’ ವಿಸ್ತರಣೆಗಳನ್ನು (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶಗಳನ್ನು) ಹುಡುಕಿ ಹಾಕಬೇಡಿ. ಹಾಗೆ ಮಾಡಿದರೆ ಗುಂಪಿನಲ್ಲಿ ನೀವೊಬ್ಬರೇ ಕೆಂಪಂಗಿ ತೊಟ್ಟು ನಿಂತಂತಾಗುತ್ತದೆ. ಆದರೆ ಯೂನಿಕೋಡ್ ಕನ್ನಡದಲ್ಲೇ ಒತ್ತಕ್ಷರ ಒಡೆದು ಕಂಡರೆ ಅದು ನಿಜವಾದ ದೋಷ. ನಮ್ಮ ಕಡೆಯವರು ಹೇಳದಿದ್ದರೆ ಅದನ್ನು ಬೇರೆ ಯಾರೂ ಗಮನಿಸುವುದಿಲ್ಲ.

ನಿನ್ನೆ ಸರಿಯಿತ್ತು, ಇವತ್ತು ಏನೋ ಮಾಯವಾಗಿದೆ

2019ರ ಮೇ ಆರಂಭದಲ್ಲಿ ಹೀಗಾಯಿತು. ಫೈರ್‌ಫಾಕ್ಸ್ ವಿಸ್ತರಣೆಗಳಿಗೆ ಸಹಿ ಹಾಕುವ ಒಂದು ಪ್ರಮಾಣಪತ್ರದ ಅವಧಿ ಮುಗಿದು, ಟಾರ್ ಬ್ರೌಸರ್‌ನಲ್ಲಿದ್ದ ನೋಸ್ಕ್ರಿಪ್ಟ್, ಅಂದರೆ ಜಾವಾಸ್ಕ್ರಿಪ್ಟ್ ತಡೆಯುವ ವಿಸ್ತರಣೆ, ಎಲ್ಲರಲ್ಲೂ ಒಟ್ಟಿಗೆ ನಿಷ್ಕ್ರಿಯವಾಯಿತು. ಅತಿ ಸುರಕ್ಷಿತ ಮಟ್ಟದಲ್ಲಿದ್ದೇವೆ ಎಂದುಕೊಂಡವರಿಗೆ ರಕ್ಷಣೆ ಜಾರಿಹೋಗಿತ್ತು, ಸುಳಿವು ಕೊಟ್ಟದ್ದು ಒಂದು ಸಣ್ಣ ಎಚ್ಚರಿಕೆ ಪಟ್ಟಿ ಮಾತ್ರ. ಕೆಲವೇ ದಿನಗಳಲ್ಲಿ 8.0.9 ಆವೃತ್ತಿ ಬಂದು ಸರಿಯಾಯಿತು. ಏನನ್ನೂ ಮುಟ್ಟದೆ ಬದಲಾವಣೆ ಕಂಡರೆ ಬೇರೆಯವರಿಗೂ ಹಾಗೇ ಆಗಿದೆಯೇ ಎಂದು ಟಿಕೆಟ್ ಪಟ್ಟಿಯಲ್ಲಿ ಮೊದಲು ಹುಡುಕಿ. ಬ್ರೌಸರ್ ಹೊಸ ಆವೃತ್ತಿಯದೇ ಎಂದೂ ನೋಡಿಕೊಳ್ಳಿ.

ಇಲ್ಲಿಗೆ ಕೈಬಿಡಿ

ಟಾರ್ ಪರೀಕ್ಷಾ ಪುಟದಲ್ಲಿ ನೀವು ಟಾರ್ ಬಳಸುತ್ತಿಲ್ಲ ಎಂಬ ಉತ್ತರ ಬಂದರೆ ಬ್ರೌಸರ್ ಮುಚ್ಚಿ. ಸರಿಯಾಗುವವರೆಗೆ ಅದರಲ್ಲಿ ಏನನ್ನೂ ತೆರೆಯಬೇಡಿ. ಇಳಿಸಿಕೊಂಡ ಕಡತದ ಡಿಜಿಟಲ್ ಸಹಿ, ಅಂದರೆ ಅದು ಅಸಲಿ ಎಂಬ ಗುರುತು, ತಾಳೆಯಾಗದಿದ್ದರೆ ಕಡತ ಅಳಿಸಿ. ‘ಇರಲಿ, ಒಮ್ಮೆ ನೋಡೋಣ’ ಎಂಬುದು ಬೇಡ. ಸಹಾಯ ಮಾಡುತ್ತೇನೆಂದು ಯಾರಾದರೂ ನಿಮ್ಮ ಪರದೆಯ ಹತೋಟಿ ಕೇಳಿದರೆ ಕೊಡಬೇಡಿ. ನಿಮ್ಮ ಸುರಕ್ಷತೆಯೇ ಟಾರ್ ಮೇಲೆ ನಿಂತಿದ್ದರೆ, ಅಂದರೆ ಪತ್ರಕರ್ತರಿಗೆ ದಾಖಲೆ ಕೊಡುವವರೋ ಬೆದರಿಕೆ ಎದುರಿಸುತ್ತಿರುವವರೋ ಆಗಿದ್ದರೆ, ಈ ಬರಹ ಹಿಡಿದು ಪ್ರಯೋಗ ಮಾಡಬೇಡಿ. ತಿಳಿದವರ ಎದುರು ಕೂತು ಸರಿಪಡಿಸಿಕೊಳ್ಳಿ.

ದೋಷವೇ ಹೌದು ಎಂದಾದರೆ

ಕೊನೆಯ ಪರೀಕ್ಷೆ ಒಂದಿದೆ. ಟಾರ್ ಬ್ರೌಸರ್ ಫೈರ್‌ಫಾಕ್ಸ್‌ನ ದೀರ್ಘಾವಧಿ ಆವೃತ್ತಿಯ ಮೇಲೆ ಕಟ್ಟಿದ್ದು. ಅದೇ ಆವೃತ್ತಿಯ ಬರಿಯ ಫೈರ್‌ಫಾಕ್ಸ್‌ನಲ್ಲೂ ತೊಡಕು ಕಂಡರೆ ದೋಷ ಅದನ್ನು ತಯಾರಿಸುವ ಮೊಜಿಲ್ಲಾದ್ದು, ವರದಿಯೂ ಅಲ್ಲಿಗೆ ಹೋಗಬೇಕು. ಟಾರ್‌ನಲ್ಲಿ ಮಾತ್ರ ಕಂಡರೆ ಟಾರ್ ಯೋಜನೆಯ ಟಿಕೆಟ್ ತಾಣವಾದ ಗಿಟ್‌ಲ್ಯಾಬ್‌ಗೆ ಹೋಗಿ. 2020ರಲ್ಲಿ ಟ್ರ್ಯಾಕ್ ಎಂಬ ಹಳೆಯ ವ್ಯವಸ್ಥೆಯಿಂದ ಟಿಕೆಟ್‌ಗಳೆಲ್ಲ ಅಲ್ಲಿಗೆ ಬಂದಿವೆ. ಬ್ರೌಸರ್‌ಗೆ ಒಂದು ವಿಭಾಗ, ಒಳಗಿನ ಟಾರ್‌ಗೆ ಒಂದು, ಸ್ನೋಫ್ಲೇಕ್‌ಗೆ ಮತ್ತೊಂದು. ಶೇಕಡಾ ಅಂಕಿಯ ತೊಡಕು ಬ್ರೌಸರ್ ವಿಭಾಗಕ್ಕೆ ಹೋದರೂ ನಡೆಯುತ್ತದೆ, ಓದುವವರು ವರ್ಗಾಯಿಸುತ್ತಾರೆ. ಖಾತೆ ಬೇಡವೆನ್ನುವವರು ಅನಾಮಿಕ ಟಿಕೆಟ್ ಕಿಂಡಿ ಬಳಸಬಹುದು. ಅಲ್ಲಿ ಹೆಸರಿನ ಬದಲು ಒಂದಷ್ಟು ಪದಗಳ ಸರಣಿ ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳದಿದ್ದರೆ ಉತ್ತರ ಬಂದದ್ದು ನಿಮಗೆ ತಿಳಿಯುವುದಿಲ್ಲ.

ಶೀರ್ಷಿಕೆಯಲ್ಲೇ ಲಕ್ಷಣ ಬರಲಿ: ‘ಒಬ್‌ಫ್ಸ್4 ಬ್ರಿಜ್ ಹಾಕಿದಾಗ 75ರಲ್ಲಿ ನಿಲ್ಲುತ್ತದೆ’ ಎಂಬಷ್ಟು. ಒಳಗೆ ಆವೃತ್ತಿ, ಗಣಕದ ವ್ಯವಸ್ಥೆ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಎಷ್ಟು ಸಲಕ್ಕೆ ಎಷ್ಟು ಸಲ ಎಂಬುದನ್ನು ಬರೆಯಿರಿ. ಒಂದು ಟಿಕೆಟ್‌ಗೆ ಒಂದೇ ದೋಷ. ಸುಧಾರಣೆಯ ಸಲಹೆಯಾದರೆ ಬೇರೆ ಟಿಕೆಟ್, ಅದರಲ್ಲಿ ನಿಮಗೆ ಬೇಕಾದ ಗುಂಡಿಗಿಂತ ಮೊದಲು ನಿಮಗಿರುವ ತೊಂದರೆಯನ್ನು ಹೇಳಿ.

ಲಾಗ್ ಅಂಟಿಸುವ ಮೊದಲು ಸಾಲುಸಾಲಾಗಿ ಓದಿ. ಟಾರ್ ತಾನಾಗಿಯೇ ಸೂಕ್ಷ್ಮ ವಿಳಾಸಗಳನ್ನು ಮುಚ್ಚುತ್ತದೆ, ಆ ‘ಸೇಫ್ ಲಾಗಿಂಗ್’ ಆಯ್ಕೆಯನ್ನು ಯಾರು ಹೇಳಿದರೂ ತೆಗೆಯಬೇಡಿ. ಆದರೂ ಕಡತದ ಹಾದಿಯಲ್ಲಿ ನಿಮ್ಮ ಹೆಸರು ಉಳಿದಿರುತ್ತದೆ. ಅನಾಮಿಕ ಟಿಕೆಟ್ ಒಂದರ ಮೊದಲ ಸಾಲಿನಲ್ಲೇ ‘ಯೂಸರ್ಸ್’ ಎಂಬುದರ ಮುಂದೆ ಬರೆದವರ ಪೂರ್ಣ ಹೆಸರು, ಇನಿಷಿಯಲ್ ಸಮೇತ, ಕೂತಿದ್ದನ್ನು ಕಂಡಿದ್ದೇನೆ. ನಿಮ್ಮದೇ ಖಾಸಗಿ ಬ್ರಿಜ್‌ನ ಸಾಲು ಇದ್ದರೆ ಅದನ್ನೂ ಅಳಿಸಿ. ಪರದೆಯ ಚಿತ್ರ ಹಾಕುವುದಾದರೆ ಬೇಕಾದಷ್ಟು ಭಾಗ ಮಾತ್ರ ಕತ್ತರಿಸಿ. ಮೂಲೆಯ ಗಡಿಯಾರ, ಹವಾಮಾನದ ಚಿಹ್ನೆ, ಪಕ್ಕದ ಟ್ಯಾಬ್‌ಗಳ ಹೆಸರು ಎಲ್ಲವೂ ಊರು ಹೇಳುತ್ತವೆ. ಫೋನಿನಲ್ಲಿ ಪರದೆಯ ಫೋಟೋ ತೆಗೆದು ಹಾಕಬೇಡಿ, ಅದರೊಳಗೆ ತೆಗೆದ ಜಾಗದ ಗುರುತೂ ಇರಬಹುದು.

ನಿಮ್ಮ ನಿಜವಾದ ಇಂಟರ್ನೆಟ್ ವಿಳಾಸ ಸೋರುವಂಥ ದೋಷ ಕಂಡರೆ ಅದನ್ನು ಬಹಿರಂಗ ಟಿಕೆಟ್‌ನಲ್ಲಿ ಬರೆಯಲೇಬೇಡಿ. 2017ರಲ್ಲಿ ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ, ಒಂದು ಬಗೆಯ ಕೊಂಡಿ ಒತ್ತಿದರೆ ಬ್ರೌಸರ್ ಟಾರ್ ಬಿಟ್ಟು ನೇರವಾಗಿ ಸಂಪರ್ಕಿಸುವ ದೋಷ ಸಿಕ್ಕಿತ್ತು. ಕಂಡವರು ಗುಟ್ಟಾಗಿ ತಿಳಿಸಿದ್ದರಿಂದ ವಿವರ ಊರೆಲ್ಲ ಹಬ್ಬುವ ಮೊದಲೇ 7.0.9 ಆವೃತ್ತಿ ಜನರ ಕೈಸೇರಿತು. ಟಿಕೆಟ್ ಬರೆಯುವ ಪುಟದಲ್ಲೇ ಗೋಪ್ಯ ಎಂದು ಗುರುತು ಹಾಕುವ ಚೌಕ ಇದೆ, ಅದನ್ನು ಒತ್ತಿ.

ಹಾಕಿದ ಮೇಲೆ ವಾರಕ್ಕೊಮ್ಮೆಯಾದರೂ ಹೋಗಿ ನೋಡಿ. ‘ಮಾಹಿತಿ ಬೇಕು’ ಎಂಬ ಪಟ್ಟಿ ಅಂಟಿದ್ದರೆ ಚೆಂಡು ನಿಮ್ಮ ಅಂಗಳದಲ್ಲಿದೆ. ‘ಇದು ಆಗಲೇ ಇದೆ’ ಎಂದು ಹಳೆಯ ಟಿಕೆಟ್‌ಗೆ ಜೋಡಿಸಿ ಮುಚ್ಚಿದರೆ ಬೇಸರ ಬೇಡ, ಆ ಹಳೆಯ ಟಿಕೆಟ್‌ನಲ್ಲಿ ನಿಮ್ಮ ಆವೃತ್ತಿಯನ್ನೂ ನಿಂತ ಅಂಕಿಯನ್ನೂ ಸೇರಿಸಿ. ಮಳೆಗಾಲದಲ್ಲಿ ಹಾಕುವುದಾದರೆ, ಬರೆಯುವ ಮೊದಲು ಮೂಲೆಯ ದಿನಾಂಕವನ್ನು ಇನ್ನೊಮ್ಮೆ ನೋಡಿಬಿಡಿ.